ಉಣಕಲ್ ನಾಲೆ ಪಕ್ಕದ ಸೈಟು: ಗೋಡೆ ಒಂದನ್ನೇ ನಂಬಬೇಡಿ

ನಮಸ್ಕಾರ ರೀ. ಹುಬ್ಬಳ್ಳಿಯ ಉಣಕಲ್ ನಾಲೆ ಪಕ್ಕ ಸೈಟು ಅಗ್ಗಕ್ಕೆ ಸಿಗ್ತಿದೆ, ನಾಲೆಗೆ ಗೋಡೆ ಇರುವುದರಿಂದ ನೀರಿನ ಭಯ ಇಲ್ಲ ಅಂತ ಏಜೆಂಟ್ ಹೇಳ್ತಾರೆ, ತಗೋಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ.

ಉಣಕಲ್ ಕೆರೆ ಕೋಡಿ ಬಿದ್ದರೆ ನೀರು ಬರುವುದು ಇದೇ ನಾಲೆಗೆ. ಮೊದಲು ಸುತ್ತ ಹೊಲ ಇದ್ದಾಗ ಮಳೆ ನೀರು ಇಂಗಿ, ನಿಧಾನವಾಗಿ ಹರಿದು ಬರುತ್ತಿತ್ತು. ಈಗ ಎಲ್ಲ ಕಡೆ ಸಿಮೆಂಟು. ನೀರು ಒಂದೇ ಸಲ ನುಗ್ಗುತ್ತದೆ. ಗೋಡೆ ನಾಲೆಯ ನೀರನ್ನು ತಡೆಯಬಹುದು. ಆದರೆ ನಿಮ್ಮ ಓಣಿಯ ನೀರು ನಾಲೆಗೆ ಇಳಿಯಬೇಕಲ್ವಾ? ನಾಲೆ ತುಂಬಿದಾಗ ಅದು ಚರಂಡಿಯಲ್ಲೇ ಹಿಂದಕ್ಕೆ ಬರುತ್ತದೆ.

ಬ್ಯಾಂಕಾಕ್‌ನಲ್ಲಿ 2017ರಲ್ಲಿ ತೆರೆದ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಶತಮಾನೋತ್ಸವ ಪಾರ್ಕು ನೋಡಿ. 11 ಎಕರೆ ಜಾಗವನ್ನು ಇಳಿಜಾರು ಮಾಡಿ, ಸುಮಾರು 38 ಲಕ್ಷ ಲೀಟರ್ ಮಳೆ ನೀರು ಹಿಡಿಯುವಂತೆ ಮಾಡಿದ್ದಾರೆ. ನೀರಿಗೆ ನಿಲ್ಲಲು ಜಾಗ ಕೊಟ್ಟರು. ನಮ್ಮಲ್ಲಿ ಆ ಜಾಗವನ್ನೇ ಸೈಟು ಮಾಡಿ ಮಾರುತ್ತಾರೆ, ನನಗೆ ಅದೇ ಸಂಕಟ.

ರಾಜ್ಯ ಸರ್ಕಾರದ ಭೂ ನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸೈಟಿನ ಸರ್ವೆ ನಂಬರ್ ನೋಡಿ, ಹಳೇ ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಎಲ್ಲಿದೆ ಎಂದು ಹೋಲಿಸಿ. ಜೋರು ಮಳೆ ಬಂದ ಸಂಜೆ ಖುದ್ದಾಗಿ ಹೋಗಿ ನಿಂತು ನೋಡಿ. ಅಕ್ಕಪಕ್ಕದ ಮನೆ ಗೋಡೆ ಮೇಲೆ ನೀರಿನ ಕಲೆ ಎಷ್ಟೆತ್ತರ ಇದೆ, ಅಲ್ಲಿನ ಅಜ್ಜಿಯರನ್ನು ಕೇಳಿ. ಎರೆ ಮಣ್ಣಾದರೆ ಅದು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಪಾಯದ ಖರ್ಚೂ ಜಾಸ್ತಿ. ಅದನ್ನೂ ರೇಟಿಗೆ ಸೇರಿಸಿ ಲೆಕ್ಕ ಹಾಕಿ.