ಮಸ್ಕತ್‌ನಿಂದ ಊರಿಗೆ ಏನು ತರಬೇಕು? ಮತ್ರಾ ಸೂಕ್‌ನಲ್ಲಿ ನಿಜವಾದ ಒಮಾನಿ ವಸ್ತು ಯಾವುದು?

ಡಿಸೆಂಬರ್‌ನಲ್ಲಿ ಮಗಳ ಮನೆಗೆ ಮಸ್ಕತ್‌ಗೆ ಬರುತ್ತಿದ್ದೀರಿ. ಬೀಗರಿಗೆ, ಅಕ್ಕಪಕ್ಕದವರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಏನಾದರೂ ಒಯ್ಯಬೇಕು. ಆದರೆ ಅದು ಒಮಾನ್‌ನಲ್ಲೇ ಆದದ್ದಾಗಿರಬೇಕು, ಚಾಕೊಲೇಟ್ ಡಬ್ಬಿ ಬೇಡ ಅಂತ ಕೇಳಿದ್ದೀರಿ. ನಾನು ಬಹಳ ವರ್ಷದಿಂದ ಮಸ್ಕತ್‌ನ ರೂವಿ ಬಡಾವಣೆಯಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಅವರನ್ನು ಮತ್ರಾ ಸೂಕ್‌ಗೆ, ಅಂದರೆ ಇಲ್ಲಿನ ಹಳೆಯ ಮಾರುಕಟ್ಟೆಗೆ, ಕರೆದುಕೊಂಡು ಹೋಗುವುದು ನಾನೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು ತಿಳಿದಿರಲಿ. ಮತ್ರಾ ಸೂಕ್ ಹಳೆಯದು, ಚೆಂದದ್ದು, ನೋಡಲೇಬೇಕಾದದ್ದು. ಆದರೆ ಅಲ್ಲಿ ಕಣ್ಣಿಗೆ ಮೊದಲು ಬೀಳುವ ವಸ್ತುಗಳಲ್ಲಿ ಹೆಚ್ಚಿನವು ಒಮಾನ್‌ನವಲ್ಲ. ಪಶ್ಮಿನಾ ಶಾಲು ಕಾಶ್ಮೀರದ್ದು, ಅಥವಾ ಕಾಶ್ಮೀರದ ಹೆಸರಿನಲ್ಲಿ ಮಿಲ್‌ನಲ್ಲಿ ನೇಯ್ದದ್ದು. ಬಣ್ಣದ ಗಾಜಿನ ದೀಪ ಟರ್ಕಿ ಶೈಲಿಯದು. ಒಂಟೆ ಗೊಂಬೆ, ಫ್ರಿಜ್ ಮ್ಯಾಗ್ನೆಟ್ ಚೀನಾದ್ದು. ಕನ್ನಡಿ ಕೆಲಸದ ಚೀಲ, ಹಿತ್ತಾಳೆ ಸಾಮಾನು ನಮ್ಮ ದೇಶದಿಂದಲೇ ಬಂದದ್ದು. ಕಾರ್ನಿಶ್ (ಸಮುದ್ರದಂಚಿನ ರಸ್ತೆ) ಕಡೆಯ ದೊಡ್ಡ ಬಾಗಿಲಿನಿಂದ ಒಳಗೆ ಹೋದರೆ ಮೊದಲು ಸಿಗುವುದೇ ಈ ಅಂಗಡಿಗಳು. ದಾವಣಗೆರೆಯಿಂದ ಇಲ್ಲಿವರೆಗೆ ಬಂದು ಜೈಪುರದ ಚೀಲ ಕೊಂಡು ಹೋಗುವುದು ಬೇಡ ಅಲ್ವಾ? ನಿಲ್ಲದೆ ಒಳಗೆ ನಡೆಯಿರಿ.

ಒಂದೇ ಒಂದು ವಸ್ತು ಕೊಳ್ಳಿ ಅಂದರೆ ನಾನು ಲುಬಾನ್ ಅನ್ನುತ್ತೇನೆ, ಅಂದರೆ ಕೆಂಡದ ಮೇಲೆ ಹಾಕುವ ಪರಿಮಳದ ಮರದಂಟು. ಇದಕ್ಕಿಂತ ಒಮಾನಿ ಆದದ್ದು ಇನ್ನೊಂದಿಲ್ಲ. ಹಗುರ, ಒಡೆಯುವುದಿಲ್ಲ, ಕೆಡುವುದಿಲ್ಲ, ದುಡ್ಡೂ ಜಾಸ್ತಿ ಆಗುವುದಿಲ್ಲ. ಪೂಜೆ ಮಾಡುವ ಮನೆಗೂ ಸಲ್ಲುತ್ತದೆ, ಮಾಡದ ಮನೆಗೂ ಸಲ್ಲುತ್ತದೆ.

ನಮ್ಮ ಕಡೆ ಗ್ರಂಥಿಗೆ ಅಂಗಡಿಯಲ್ಲಿ ಸಾಂಬ್ರಾಣಿ, ಲೋಬಾನ ಅಂತ ಕೊಡುವುದು ಬಹುಮಟ್ಟಿಗೆ ಬೇರೆಯೇ ಮರದ ಅಂಟು, ಆಗ್ನೇಯ ಏಷ್ಯಾ ಕಡೆಯದು. ಒಮಾನ್‌ನ ಲುಬಾನ್ ಬರುವುದು ದಕ್ಷಿಣದ ಧೋಫಾರ್‌ನಲ್ಲಿ ಬೆಳೆಯುವ ಬೋಸ್ವೆಲಿಯಾ ಸಾಕ್ರಾ ಎಂಬ ಗಿಡ್ಡ ಮರದಿಂದ. ಅಲ್ಲಿ ಗುಡ್ಡದ ಸಮುದ್ರದ ಕಡೆಗೆ ಮುಂಗಾರಿನ ಮಂಜು ಮಳೆ ಬರುತ್ತದೆ. ಗುಡ್ಡ ದಾಟಿದರೆ ಬರೀ ಒಣ ಕಲ್ಲುನೆಲ. ಆ ಒಣ ನೆಲದ ಮರವೇ ಒಳ್ಳೆಯ ಲುಬಾನ್ ಕೊಡುತ್ತದೆ. ಮನ್ಕಫ್ ಎಂಬ ಸಣ್ಣ ಉಪಕರಣದಿಂದ ತೊಗಟೆಯನ್ನು ಅಲ್ಲಲ್ಲಿ ಕೆರೆಯುತ್ತಾರೆ. ಹಾಲಿನಂಥ ಅಂಟು ಒಸರಿ ಗಾಳಿಗೆ ಗಟ್ಟಿಯಾಗುತ್ತದೆ. ಮೊದಲ ಸಲ ಬಂದದ್ದನ್ನು ಬೆಲೆಯಿಲ್ಲ ಅಂತ ಬಿಡುತ್ತಾರೆ. ಅದೇ ಗಾಯವನ್ನು ಮತ್ತೆ ಕೆರೆದಾಗ ಬರುವ ಅಂಟೇ ಒಳ್ಳೆಯ ಮಾಲು. ಯಂತ್ರದ ಮಾತೇ ಇಲ್ಲ, ಎಲ್ಲ ಕೈಕೆಲಸ, ಅದೂ ಉರಿಬಿಸಿಲಿನಲ್ಲಿ. ಈ ಮರಗಳ ವಾದಿ ದೌಕಾ ಕಣಿವೆಯನ್ನೂ ಲುಬಾನ್ ಸಾಗಿಸುತ್ತಿದ್ದ ಹಳೆಯ ಬಂದರುಗಳನ್ನೂ ಯುನೆಸ್ಕೋ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅಂಗಡಿಯಲ್ಲಿ 'ಹೋಜರಿ' ಎಂದು ಕೇಳಿ. ಅದು ಎಲ್ಲಕ್ಕಿಂತ ಮೇಲಿನ ದರ್ಜೆ. ನಜ್ದಿ, ಶಝರಿ, ಶಅಬಿ ಅಂತ ಬೇರೆ ದರ್ಜೆಗಳೂ ಇವೆ. ಒಳ್ಳೆಯ ಹೋಜರಿಯ ಹರಳನ್ನು ಬೆಳಕಿಗೆ ಹಿಡಿದರೆ ತಿಳಿಯಾಗಿ, ಬಿಳಿಯಾಗಿ, ಒಂಚೂರು ಹಸಿರು ಛಾಯೆಯಲ್ಲಿ ಕಾಣುತ್ತದೆ. ಕಂದು ಬಣ್ಣ ಜಾಸ್ತಿ ಇದ್ದರೆ, ತೊಗಟೆ ಚೂರು ಅಂಟಿದ್ದರೆ ಅದು ಕೆಳಗಿನ ದರ್ಜೆ. ಸೊಮಾಲಿಯಾದ ಲುಬಾನ್ ಕೂಡ ಇಲ್ಲಿ ಮಾರಾಟಕ್ಕಿರುತ್ತದೆ. ಕೆಟ್ಟದ್ದೇನಲ್ಲ, ಆದರೆ ಎಲ್ಲಿಯದು ಅಂತ ಕೇಳಿಯೇ ಕೊಳ್ಳಿ. ಒಂದು ಹರಳನ್ನು ಕೆಂಡದ ಮೇಲೆ ಹಾಕಿ ತೋರಿಸಿ ಅನ್ನಿ, ಯಾರೂ ಇಲ್ಲ ಅನ್ನುವುದಿಲ್ಲ. ನಿಂಬೆಯ ಜಾಡಿರುವ ಹಗುರ ಪರಿಮಳ ಬಂದರೆ ಸರಿ. ಬರೀ ಸುಟ್ಟ ಅಂಟಿನ ವಾಸನೆ ಹೊಡೆದರೆ ಮುಂದಿನ ಅಂಗಡಿಗೆ ಹೋಗಿ. ಇಲ್ಲಿನವರು ಹೋಜರಿಯ ಹರಳನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಆ ನೀರು ಕುಡಿಯುವುದೂ ಉಂಟು.

ಜೊತೆಗೆ ಒಂದು ಮಣ್ಣಿನ ಮಜ್ಮರ್ ತೆಗೆದುಕೊಳ್ಳಿ, ಅಂದರೆ ಧೂಪ ಹಾಕುವ ಪಾತ್ರೆ. ಧೋಫಾರ್‌ನ ಹೆಂಗಸರು ಕೈಯಲ್ಲೇ ಮಾಡಿ ಬಣ್ಣ ಬಳಿಯುವ ಸಣ್ಣ ಚೌಕದ ಮಜ್ಮರ್‌ಗಳು ಬಹಳ ಚೆನ್ನಾಗಿರುತ್ತವೆ. ಅಂಚು ಸ್ವಲ್ಪ ಡೊಂಕಾಗಿದ್ದರೆ ಬೇಸರ ಬೇಡ, ಕೈಯಲ್ಲಿ ಮಾಡಿದ್ದಕ್ಕೆ ಅದೇ ಗುರುತು. ಲುಬಾನ್ ಪೊಟ್ಟಣ ಮತ್ತು ಒಂದು ಮಜ್ಮರ್, ಬೀಗರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಹೊಳೆಯುವುದಿಲ್ಲ. ಮಗಳು ಧೋಫಾರ್‌ನ ಸಲಾಲಾ ನಗರಕ್ಕೆ ಕರೆದುಕೊಂಡು ಹೋದರೆ ಲುಬಾನನ್ನು ಅಲ್ಲಿನ ಸೂಕ್‌ನಲ್ಲೇ ಕೊಳ್ಳಿ, ಆಯ್ಕೆ ಇನ್ನೂ ಜಾಸ್ತಿ. ಬುಖೂರ್ ಅಂತ ಡಬ್ಬಿಯಲ್ಲಿ ಬರುವುದು ಬೇರೆ. ಅದು ಪರಿಮಳದ ಕಟ್ಟಿಗೆ ಚೂರು, ಅತ್ತರು, ಸಕ್ಕರೆ ಎಲ್ಲ ಸೇರಿಸಿ ಮಾಡಿದ ಧೂಪ. ಇಲ್ಲಿನ ಹೆಂಗಸರು ಮನೆಯಲ್ಲೇ ಮಾಡಿ ಮಾರುವುದೂ ಇದೆ. ಘಾಟು ಆಗದವರಿಗೆ ಕೊಡಬೇಡಿ.

ಇನ್ನು ಬೆಳ್ಳಿ. ನನಗೆ ಬಹಳ ಪ್ರೀತಿಯ ವಿಷಯ ಇದು. ಒಮಾನ್‌ನ ಹಳೆಯ ಬೆಳ್ಳಿ ಒಡವೆಗಳು ದಪ್ಪ, ಭಾರ, ನಮ್ಮ ಅಜ್ಜಿಯರ ಕಡಗಗಳಂತೆಯೇ ಗಟ್ಟಿ. ಕೈಬಳೆ, ಕಾಲಂದುಗೆ, ಕುರಾನಿನ ಸಾಲುಗಳನ್ನು ಒಳಗಿಡುವ ಹಿರ್ಝ್ ಎಂಬ ತಾಯಿತದ ಪೆಟ್ಟಿಗೆ ಎಲ್ಲ ಸಿಗುತ್ತವೆ. ಬೆಳ್ಳಿ ಎಲ್ಲಿಂದ ಬರುತ್ತಿತ್ತು ಗೊತ್ತಾ? ಆಸ್ಟ್ರಿಯಾದ ಮರಿಯಾ ತೆರೇಸಾ ನಾಣ್ಯದಿಂದ. ರಾಣಿ ಸತ್ತ 1780ರ ಇಸವಿಯನ್ನೇ ಹಾಕಿ ಆಮೇಲೂ ಅಚ್ಚು ಹಾಕುತ್ತಲೇ ಹೋದ ನಾಣ್ಯ ಅದು. ಕಳೆದ ಶತಮಾನದ ನಡುವಿನವರೆಗೂ ಇಲ್ಲಿ ಚಲಾವಣೆಯಲ್ಲಿತ್ತು. ಅದನ್ನೇ ಕರಗಿಸಿ ಅಕ್ಕಸಾಲಿಗರು ಒಡವೆ ಮಾಡುತ್ತಿದ್ದರು. ಆ ನಾಣ್ಯದಲ್ಲಿ ಬೆಳ್ಳಿ ಶೇಕಡಾ 83ರಷ್ಟು. ಹಾಗಾಗಿ ಹಳೆಯ ಒಮಾನಿ ಒಡವೆಯಲ್ಲಿ 92.5ರ ಮುದ್ರೆ ಹುಡುಕಬೇಡಿ. ತೀರಾ ಹೊಳೆಯುವ, 925 ಎಂದು ಒತ್ತಿದ ಒಡವೆ ಹೊಸದು, ಅದರಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಬರುತ್ತವೆ. ಮರಿಯಾ ತೆರೇಸಾ ನಾಣ್ಯವನ್ನೇ ಪೆಂಡೆಂಟ್ ಮಾಡಿಸಿಕೊಂಡರೆ ಮಗಳಿಗೋ ಸೊಸೆಗೋ ಚೆಂದ. ಎಲ್ಲ ನಾಣ್ಯದ ಮೇಲೂ 1780 ಅಂತಲೇ ಇರುತ್ತದೆ, ಹಾಗಾಗಿ 'ಇನ್ನೂರು ವರ್ಷ ಹಳೆಯದು' ಎಂಬ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಬೆಳ್ಳಿಗೆ ಮತ್ರಾಕ್ಕಿಂತ ನಿಜ್ವಾ ಎಂಬ ಊರು ನನಗೆ ಇಷ್ಟ. ಮಸ್ಕತ್‌ನಿಂದ ಕಾರಿನಲ್ಲಿ ಎರಡು ಗಂಟೆಯೊಳಗೆ ಹೋಗಬಹುದು. ಕೋಟೆಯ ಪಕ್ಕದ ಸೂಕ್‌ನಲ್ಲಿ ಕುಶಲಕರ್ಮಿಗಳು ಕೂತು ಕೆಲಸ ಮಾಡುವುದನ್ನೇ ನೋಡಬಹುದು. ಶುಕ್ರವಾರ ಬೆಳಿಗ್ಗೆ ಹೋದರೆ ಮೇಕೆ ಸಂತೆಯೂ ನೋಡಸಿಗುತ್ತದೆ.

ಖಂಜರ್ ಬಗ್ಗೆಯೂ ಕೇಳಿದ್ದೀರಿ. ಬಾಗಿದ ಆ ಬಾಕು ಒಮಾನ್‌ನ ಬಾವುಟದ ಮೇಲೇ ಇದೆ. ಅದನ್ನು ಮಾಡುವ ಕಲೆಯನ್ನು ಯುನೆಸ್ಕೋ 2022ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳ್ಳಿ ತಂತಿಯ ಕೆಲಸದ ನಿಜವಾದ ಖಂಜರ್‌ಗೆ ಬೆಲೆ ಬಹಳ, ಮದುವೆ ಹಬ್ಬಗಳಲ್ಲಿ ಗಂಡಸರು ಸೊಂಟಕ್ಕೆ ಕಟ್ಟುವ ಗೌರವದ ವಸ್ತು. ಅಗ್ಗಕ್ಕೆ ಸಿಗುವುದು ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಳೆಯ ಖಂಜರ್‌ಗಳ ಹಿಡಿ ಘೇಂಡಾಮೃಗದ ಕೊಂಬಿನದಾಗಿರುತ್ತಿತ್ತು. ಅಂಥದ್ದನ್ನು ಮುಟ್ಟಲೇಬೇಡಿ, ದೇಶದಿಂದ ದೇಶಕ್ಕೆ ಅದರ ಸಾಗಣೆ ನಿಷೇಧ. ಈಗ ಗಂಧದ ಮರದ ಹಿಡಿಯೂ ಬರುತ್ತದೆ. ಉಡುಗೊರೆಗೆ ಅಲಗಿಲ್ಲದ, ಖಂಜರ್ ಆಕಾರದ ಬೆಳ್ಳಿ ಪಿನ್ ಅಥವಾ ಪೆಂಡೆಂಟ್ ಸಾಕು. ಏರ್‌ಪೋರ್ಟ್‌ನಲ್ಲಿ ತಕರಾರೂ ಇರುವುದಿಲ್ಲ.

ಜೊತೆಯಲ್ಲಿ ಕೆಲಸ ಮಾಡುವವರಿಗೆ ಹಲ್ವಾ ಒಯ್ಯಿರಿ. ದೊಡ್ಡ ತಾಮ್ರದ ಪಾತ್ರೆಯಲ್ಲಿ ಸಕ್ಕರೆ, ಪಿಷ್ಟ, ತುಪ್ಪ, ಕೇಸರಿ, ಏಲಕ್ಕಿ, ಪನ್ನೀರು ಹಾಕಿ ಎರಡು ಗಂಟೆಗೂ ಹೆಚ್ಚು ಕಾಲ ಬಿಡದೆ ಮಗುಚುತ್ತಾರೆ. ಜೆಲಾಟಿನ್ ಹಾಕುವ ಪದ್ಧತಿ ಇಲ್ಲ, ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ಫ್ರಿಜ್ ಬೇಕಿಲ್ಲ, ವಾರಗಟ್ಟಲೆ ಇರುತ್ತದೆ. ಕೇಸರಿಯದು, ಕಪ್ಪು ಸಕ್ಕರೆಯದು ಅಂತ ಬಗೆಗಳಿವೆ. ಹಲ್ವಾಕ್ಕೆಂದೇ ಇರುವ ಅಂಗಡಿಗೆ ಹೋಗಿ, ರುಚಿ ನೋಡಿ ಕೊಳ್ಳಿ. ಖರ್ಜೂರ ಬೇಕಿದ್ದರೆ ಖಲಾಸ್ ಎಂಬ ಜಾತಿ ಕೇಳಿ.

ಪನ್ನೀರಿಗೆ ಜಬಲ್ ಅಖ್ದರ್ ಹೆಸರುವಾಸಿ. ಎರಡು ಸಾವಿರ ಮೀಟರ್ ಎತ್ತರದ ಆ ಬೆಟ್ಟದ ಹಳ್ಳಿಗಳಲ್ಲಿ ಏಪ್ರಿಲ್ ಹೊತ್ತಿಗೆ ಗುಲಾಬಿ ಅರಳುತ್ತದೆ. ಮಣ್ಣಿನ ಒಲೆಯಲ್ಲಿ ಹಳೆಯ ಪದ್ಧತಿಯಲ್ಲಿ ಬಟ್ಟಿ ಇಳಿಸಿದ ಪನ್ನೀರಿಗೆ ಹೊಗೆಯ ವಾಸನೆ ಇರುತ್ತದೆ, ಬಣ್ಣವೂ ಸ್ವಲ್ಪ ಕಂದು. ಹಾಳಾಗಿದೆ ಅಂದುಕೊಳ್ಳಬೇಡಿ, ಅದೇ ಅದರ ಗುಣ.

ನಿಜ್ವಾದಿಂದ ಇನ್ನೂ ಮುಂದೆ ಬಹ್ಲಾದಲ್ಲಿ ಕುಂಬಾರರಿದ್ದಾರೆ. ನೀರು ತಂಪಾಗಿಡಲು ನೇತುಹಾಕುವ ಜಹ್ಲಾ ಮಡಕೆ ಅಲ್ಲಿನದೇ. ಸಣ್ಣದೊಂದು ತೆಗೆದುಕೊಂಡರೆ ಕ್ಯಾಬಿನ್ ಚೀಲದಲ್ಲಿ ಹಿಡಿಸುತ್ತದೆ. ಜಬಲ್ ಶಮ್ಸ್ ಕಡೆ ಹೋದರೆ ಹೆಂಗಸರು, ಮಕ್ಕಳು ಉಣ್ಣೆಯಲ್ಲಿ ಹೆಣೆದ ಕೀ ಚೈನ್ ಮಾರುತ್ತಿರುತ್ತಾರೆ. ಬಹಳ ಜನಕ್ಕೆ ಕೊಡಬೇಕಾದಾಗ ಅದು ಅನುಕೂಲ. ದಯವಿಟ್ಟು ಅಲ್ಲಿ ಚೌಕಾಸಿ ಮಾಡಬೇಡಿ. ಗಂಡಸರ ಕುಮ್ಮಾ ಟೋಪಿಯೂ ಒಳ್ಳೆಯ ಕಸೂತಿ. ಕೈಯಲ್ಲಿ ಹೊಲಿದದ್ದಾದರೆ ಒಳಗೆ ತಿರುವಿ ನೋಡಿದಾಗ ಪುಟ್ಟ ಪುಟ್ಟ ತೂತುಗಳ ಸುತ್ತ ದಾರದ ಕೆಲಸ ಕಾಣುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ.

ಸೂಕ್‌ನಲ್ಲಿ ಭಾಷೆಯ ಚಿಂತೆ ಬೇಡ. ಹಿಂದಿ ನಡೆಯುತ್ತದೆ, ಮಲಯಾಳಂ ಇನ್ನೂ ಚೆನ್ನಾಗಿ ನಡೆಯುತ್ತದೆ. ಕಚ್ಛ್‌ನ ವ್ಯಾಪಾರಿಗಳು ಶತಮಾನಗಳಿಂದ ಇಲ್ಲಿದ್ದಾರೆ. ನಮ್ಮ ಕರಾವಳಿಯ ನಂಟೂ ಹಳೆಯದು. ಮಂಗಳೂರಿನ ಅಕ್ಕಿ ಈ ಬಂದರಿಗೆ ಬರುತ್ತಿತ್ತು, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಗಂಧ, ಮೆಣಸು, ಏಲಕ್ಕಿ ಮಾರಲು ನಮ್ಮವರು ಬಂದಿದ್ದ ಊರಲ್ಲಿ ಈಗ ನೀವು ಲುಬಾನ್ ಕೊಳ್ಳುತ್ತಿದ್ದೀರಿ ಅನ್ನುವುದು ನನಗಂತೂ ಖುಷಿ ಕೊಡುತ್ತದೆ.

ಮತ್ರಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶುಕ್ರವಾರ ಬೆಳಿಗ್ಗೆಯೂ ಅಷ್ಟೆ. ಸಂಜೆಯೇ ಹೋಗಿ. ಎದುರಿನ ಬಂದರಿನಲ್ಲಿ ದೊಡ್ಡ ಪ್ರವಾಸಿ ಹಡಗು ನಿಂತಿದ್ದರೆ ಅವತ್ತು ಬಿಟ್ಟು ಬೇರೆ ದಿನ ಹೋಗಿ, ಬೆಲೆ ಇಳಿಸುವ ಮನಸ್ಸು ಯಾರಿಗೂ ಇರುವುದಿಲ್ಲ. ಒಂದು ರಿಯಾಲ್ ಅಂದರೆ 1000 ಬೈಸಾ, ನಮ್ಮ ಲೆಕ್ಕದಲ್ಲಿ 200 ರೂಪಾಯಿಗೂ ಜಾಸ್ತಿ. 'ಬರೀ ಐದು ರಿಯಾಲ್' ಅಂದಾಗ ಮನಸ್ಸಿನಲ್ಲೇ ಗುಣಿಸಿ ನೋಡಿ. ಚೌಕಾಸಿಗೆ ಬೇಡ ಅನ್ನುವವರಿಲ್ಲ, ಆದರೆ ನಗುನಗುತ್ತಾ ಕೇಳಿ.

ಪ್ಯಾಕ್ ಮಾಡುವಾಗ ಪನ್ನೀರು, ಅತ್ತರು, ಹಲ್ವಾ ಎಲ್ಲ ಚೆಕ್-ಇನ್ ಚೀಲಕ್ಕೆ. ಲುಬಾನ್ ಜೊತೆ ಅಂಗಡಿಯವರು ಬೇಗ ಹೊತ್ತಿಕೊಳ್ಳುವ ಇದ್ದಿಲ ಬಿಲ್ಲೆಗಳನ್ನೂ ಕೊಡುತ್ತಾರೆ. ಅವನ್ನು ಮಾತ್ರ ಮಗಳ ಮನೆಯಲ್ಲೇ ಬಿಡಿ, ವಿಮಾನದಲ್ಲಿ ಯಾವ ಚೀಲದಲ್ಲೂ ಬಿಡುವುದಿಲ್ಲ. ತೆಂಗಿನ ಚಿಪ್ಪಿನ ಕೆಂಡ ಊರಲ್ಲೇ ಸಿಗುತ್ತದೆ, ಅದರ ಮೇಲೆ ಚೂರು ಬೂದಿ ಉದುರಿಸಿ ಆಮೇಲೆ ಹರಳು ಇಡಿ. ಬೇಗ ಸುಟ್ಟುಹೋಗದೆ ನಿಧಾನವಾಗಿ ಘಮಘಮಿಸುತ್ತದೆ.