ಸೌರಗೂಡಿನಲ್ಲಿ ಮರ ಒಣಗಿಸಿದರೆ ಒಳಗಿನ ಹುಳುವೂ ಸಾಯುತ್ತದೆಯೇ?

ಬಿಸಿಲಿನ ಶಾಖದಿಂದ ಮರ ಒಣಗಿಸುವ ಸೌರಗೂಡಿನ ತಾಪಮಾಪಕ 60 ಡಿಗ್ರಿ ತೋರಿಸುತ್ತಿದೆ, ಹಸಿ ಹಲಗೆ ಒಣಗುವಷ್ಟರಲ್ಲಿ ಕುಟ್ಟೆ ಹುಳುವೂ ಸತ್ತಿರುತ್ತದಲ್ಲವೇ ಎಂದು ಕೇಳಿದ್ದೀರಿ. ಆ ಭರವಸೆ ಬೇಡ. ನಾನೂ ಇದನ್ನೇ ನಂಬಿ ಒಂದು ಮಂಚ ಮಾಡಿದ್ದೆ. ಮುಂದಿನ ಬೇಸಿಗೆಗೆ ಅದರ ಕಾಲಿನ ಬುಡದಲ್ಲಿ ಜರಡಿ ಹಿಡಿದ ಹಿಟ್ಟಿನಂಥ ಪುಡಿ ಬೀಳತೊಡಗಿತು. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ತಿರುಗಿಸಿ ನೋಡಿದರೆ ಒಂದೆರಡು ಮಿಲಿಮೀಟರಿನ ದುಂಡನೆಯ ತೂತುಗಳು, ಎಲ್ಲವೂ ತೊಗಟೆಯ ಪಕ್ಕದ ಬಿಳಿ ಭಾಗದಲ್ಲಿ. ಒಳಗಿನ ಗಟ್ಟಿ ತಿರುಳಾದ ಚೇಗಿನಲ್ಲಿ ಒಂದೂ ಇಲ್ಲ. ನಾಲ್ಕೂ ಕಾಲುಗಳನ್ನು ಸುಡಬೇಕಾಯಿತು.

ತಾಪಮಾಪಕವನ್ನು ಛಾವಣಿಯಡಿ ತೂಗುಹಾಕಿದ್ದೇ ತಪ್ಪಾಗಿತ್ತು. ಅದು ಅಳೆದದ್ದು ಗಾಳಿಯ ಬಿಸಿ. ಹುಳು ಇದ್ದದ್ದು ಹಲಗೆಯೊಳಗೆ. ನೀರು ಆವಿಯಾಗುವಾಗ ಮರದ ಶಾಖವನ್ನು ಹೀರಿಕೊಂಡೇ ಹೋಗುತ್ತದೆ. ಹಾಗಾಗಿ ತೇವ ಇರುವಷ್ಟು ಕಾಲ ಸುತ್ತಲಿನ ಗಾಳಿ ಕಾದಷ್ಟು ಮರ ಕಾಯುವುದಿಲ್ಲ. ಸಾಲದ್ದಕ್ಕೆ ಮರ ಬಿಸಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದೇ ನಿಧಾನ. ದಪ್ಪ ಹಲಗೆಯ ನಡುಭಾಗ ಕಾಯುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ದೇಶದಿಂದ ದೇಶಕ್ಕೆ ಸಾಗುವ ಮರದ ಪೆಟ್ಟಿಗೆಗಳಿಗೆ ಅನ್ವಯವಾಗುವ ಐಎಸ್‌ಪಿಎಂ 15 ನಿಯಮ ಕೇಳುವುದು 56 ಡಿಗ್ರಿ, ಎಡೆಬಿಡದೆ 30 ನಿಮಿಷ, ಅದೂ ಮರದ ನಟ್ಟನಡುವಿನಲ್ಲಿ. ಗಾಳಿ 60 ಮುಟ್ಟಿದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಎರಡೂ ಕೆಲಸವನ್ನು ಒಟ್ಟಿಗೆ ಮುಗಿಸುವ ಯೋಚನೆ ಬಿಟ್ಟುಬಿಡಿ. ಒಣಗಿಸಲು ಗಾಳಿಕಿಂಡಿ ತೆರೆದು ತೇವವನ್ನು ಹೊರಗೆ ಬಿಡಬೇಕು. ಹುಳು ಕೊಲ್ಲಲು ಎಲ್ಲವನ್ನೂ ಮುಚ್ಚಿ ಬಿಸಿ ಕೂಡಿಹಾಕಬೇಕು. ಹಸಿ ಗಟ್ಟಿಮರವನ್ನು ಮೊದಲ ದಿನವೇ ಜೋರಾಗಿ ಕಾಯಿಸಿದರೆ ಒಳಗೆ ನೀರಿರುವಾಗಲೇ ಹೊರಮೈ ಕುಗ್ಗಿ ಬಿರಿಯುತ್ತದೆ. ರಾತ್ರಿ ಗೂಡು ತಣಿಯುವುದನ್ನು ನಷ್ಟವೆಂದು ಭಾವಿಸಿ ಹೀಟರ್ ಇಡಲು ಹೋಗಬೇಡಿ. ಹಗಲಲ್ಲಿ ಬಿಗಿದುಕೊಂಡ ಹೊರಮೈ ಸಡಿಲಾಗುವುದು ಆ ತಂಪಿನಲ್ಲಿ, ಆ ತೇವದಲ್ಲಿ. ಸೌರಗೂಡನ್ನು ನಾನು ಇಂದಿಗೂ ಮೆಚ್ಚುವುದು ಇದೊಂದೇ ಗುಣಕ್ಕೆ.

ತೇವಾಂಶ ಶೇ. 12ಕ್ಕಿಂತ ಕೆಳಗಿಳಿದ ಮೇಲೆ, ಮೋಡವಿಲ್ಲದ ದಿನ ನೋಡಿ, ಕೆಲವೇ ಹಲಗೆಗಳನ್ನು ನಡುವೆ ರೀಪು ಕೊಟ್ಟು ಜೋಡಿಸಿ ಕಿಂಡಿ ಮುಚ್ಚಿ. ಫ್ಯಾನ್ ಓಡುತ್ತಿರಲಿ. ಎಲ್ಲಕ್ಕಿಂತ ದಪ್ಪನೆಯ ಹಲಗೆಯನ್ನು ಗೂಡಿನ ತಂಪು ಮೂಲೆಯಲ್ಲಿಟ್ಟು, ಅದರ ನಡುವಿನವರೆಗೆ ತೂತು ಕೊರೆದು, ತಾಪಮಾಪಕದ ತಂತಿಯ ತುದಿ ಇಳಿಸಿ, ತೂತಿನ ಬಾಯಿ ಮೆತ್ತಿಬಿಡಿ. ಅಲ್ಲಿ 56 ಬಂದಾಗ ಗಡಿಯಾರ ನೋಡಲು ಶುರುಮಾಡಿ. ನಡುವೆ ಮೋಡ ಕವಿದು ಬಿಸಿ ಇಳಿದರೆ ಲೆಕ್ಕ ಮತ್ತೆ ಮೊದಲಿನಿಂದ. ಎಷ್ಟು ಮಾಡಿದರೂ ಅಷ್ಟು ಬಿಸಿ ಏರದಿದ್ದರೆ ಬಿಳಿ ಭಾಗವನ್ನು ಕೊಯ್ದು ತೆಗೆಯುವುದೇ ಸರಿ.

ಕಾದ ಮರಕ್ಕೆ ಮುಂದೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ. ಅದನ್ನು ಹಳೆಯ ಕುಟ್ಟೆ ಹಿಡಿದ ರಾಶಿಯ ಹತ್ತಿರ ಇಡಬೇಡಿ. ಈ ಹುಳು ಮೊಟ್ಟೆ ಇಡುವುದು ಬಣ್ಣ ಕಾಣದ ಮರದ ತೆರೆದ ರಂಧ್ರಗಳಲ್ಲಿ. ವಾರ್ನಿಷನ್ನು ಕಣ್ಣಿಗೆ ಬೀಳದ ಅಡಿಭಾಗಕ್ಕೂ ಬಳಿಯಿರಿ.