ಸ್ಪ್ಲಿಂಟ್ ಹಾಕಿದರೆ ಹಲ್ಲು ಕಡಿಯುವುದು ನಿಲ್ಲುತ್ತಾ?

ಪ್ರಶ್ನೆ: ನನಗೆ 34 ವರ್ಷ. ನಿದ್ದೆಯಲ್ಲಿ ಜೋರಾಗಿ ಹಲ್ಲು ಕಡಿಯುತ್ತೇನಂತೆ. ಬೆಳಿಗ್ಗೆ ದವಡೆ ಬಿಗಿದಿರುತ್ತದೆ, ಹಣೆಯ ಪಕ್ಕ ನೋವು. ಬಾಯಿ ತೆರೆದರೆ ಕಿವಿಯ ಮುಂದೆ ‘ಟಕ್’ ಅನ್ನುತ್ತದೆ. ದಂತವೈದ್ಯರು ಸ್ಪ್ಲಿಂಟ್ (ರಾತ್ರಿ ಹಲ್ಲಿನ ಮೇಲೆ ಕೂರಿಸಿಕೊಳ್ಳುವ ಕವಚ) ಮಾಡಿಸಿ ಅಂದಿದ್ದಾರೆ. ಅಂಗಡಿಯಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಗಾರ್ಡ್ ಸಾಕಾಗಲ್ವಾ?

ಉತ್ತರ: ಸ್ಪ್ಲಿಂಟ್ ಹಾಕಿದರೂ ನೀವು ಹಲ್ಲು ಕಡಿಯುತ್ತಲೇ ಇರಬಹುದು. ಆದರೆ ಆಗ ಸವೆಯುವುದು ಹಲ್ಲಲ್ಲ, ಸ್ಪ್ಲಿಂಟ್. ಕೆಲವು ತಿಂಗಳ ನಂತರ ಅದನ್ನು ಬೆಳಕಿಗೆ ಹಿಡಿದರೆ ನುಣುಪಾಗಿ ಹೊಳೆಯುವ ಕಲೆಗಳು ಕಾಣುತ್ತವೆ. ಅಷ್ಟು ಸವೆತ ನಿಮ್ಮ ಹಲ್ಲಿಗೆ ತಪ್ಪಿತು ಅಂತ ಲೆಕ್ಕ. ದವಡೆ ನೋವು ಹಲವರಿಗೆ ಇಳಿಯುತ್ತದೆ, ಎಲ್ಲರಿಗೂ ಅಲ್ಲ.

ಅಂಗಡಿಯ ಮೆತ್ತನೆ ಗಾರ್ಡ್ ಸ್ವಲ್ಪ ದಿನಕ್ಕೆ ಪರವಾಗಿಲ್ಲ. ಆದರೆ ಕೆಲವರು ಅದನ್ನು ರಾತ್ರಿಯಿಡೀ ಅಗಿಯುತ್ತಾರೆ, ಬೆಳಿಗ್ಗೆ ನೋವು ಇನ್ನೂ ಜಾಸ್ತಿ. ನನ್ನ ಆಯ್ಕೆ, ಒಂದು ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್. ಅಳತೆ ತೆಗೆದು ಮಾಡಿದರಷ್ಟೇ ಸಾಲದು. ಬಾಯಲ್ಲಿಟ್ಟು ಬಣ್ಣದ ಕಾಗದ ಕಚ್ಚಿಸುತ್ತಾರೆ. ಗುರುತು ಎಲ್ಲಿ ದಟ್ಟವಾಗಿ ಬಿತ್ತೋ ಅಲ್ಲಿ ಉಜ್ಜಿ, ಮತ್ತೆ ಕಚ್ಚಿಸುತ್ತಾರೆ. ಎರಡೂ ಕಡೆಯ ಹಲ್ಲು ಒಟ್ಟಿಗೆ, ಸಮನಾಗಿ ತಾಗುವವರೆಗೂ ಇದೇ ಕೆಲಸ. ಈ ಹೊಂದಿಕೆಗೆಂದೇ ಮತ್ತೆ ಮತ್ತೆ ಕರೆಸುತ್ತಾರೆ, ತಪ್ಪಿಸಬೇಡಿ. ಮುಂದಿನ ಹಲ್ಲಿಗೆ ಮಾತ್ರ ಕೂರುವ ಚಿಕ್ಕ ಸಾಧನವನ್ನು ತುಂಬಾ ದಿನ ಹಾಕಿದರೆ ಉಳಿದ ಹಲ್ಲುಗಳು ಜರುಗಿ ಕಚ್ಚುವ ರೀತಿಯೇ ಬದಲಾಗಬಹುದು.

‘ಟಕ್’ ಸದ್ದಿನ ಚಿಂತೆ ಬಿಡಿ. ಕೀಲಿನೊಳಗಿನ ಮೆತ್ತೆ ಜಾರಿ ಮತ್ತೆ ಜಾಗಕ್ಕೆ ಬರುವಾಗ ಹಾಗಾಗುತ್ತದೆ. ಆ ಸದ್ದಿನ ಜೊತೆ ನೋವಿಲ್ಲದಿದ್ದರೆ ಚಿಕಿತ್ಸೆ ಬೇಕಿಲ್ಲ. ಬಾಯಿ ಇದ್ದಕ್ಕಿದ್ದಂತೆ ಅರ್ಧಕ್ಕೇ ನಿಂತುಬಿಟ್ಟರೆ ಮಾತ್ರ ತಡಮಾಡದೆ ತೋರಿಸಿ.

ಹಗಲನ್ನೂ ಗಮನಿಸಿ. ಈಗ ಇದನ್ನು ಓದುವಾಗ ನಿಮ್ಮ ಹಲ್ಲು ಒಂದಕ್ಕೊಂದು ತಾಗಿದೆಯಾ? ಸುಮ್ನೆ ಇರುವಾಗ ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಸಂದು ಇರಬೇಕು. ಫೋನ್, ಕಂಪ್ಯೂಟರ್ ಮುಂದೆ ಕೂತಾಗ ಹಲವರು ಹಲ್ಲು ಕಚ್ಚಿ ಹಿಡಿಯುತ್ತಾರೆ.

ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಪ್ಲಿಂಟ್‌ಗೆ ಮುಂಚೆಯೇ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವ ಕೆಲವರಿಗೆ ಸ್ಪ್ಲಿಂಟ್‌ನಿಂದ ಅದು ಹೆಚ್ಚಾಗಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿತ ಶುರುವಾಗಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನೇ ಕೇಳಿ.

ಸ್ಪ್ಲಿಂಟನ್ನು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರಿಗೆ ಅದರ ಆಕಾರ ಕೆಡುತ್ತದೆ.